ದೋಣಿಗೆ ಗ್ಯಾಸ್ ಎಂಜಿನ್ ಬೇಕು, ಅಡುಗೆಮನೆಯ ಸಿಲಿಂಡರ್ ಬೇಡ

2019ರ ಆಗಸ್ಟ್. ಕಕ್ಕಡದ ಮಳೆ ಹೇಗಿರುತ್ತೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಸಿದ್ದಾಪುರದ ಕಡೆ ಕಾವೇರಿ ದಡ ಬಿಟ್ಟು ತೋಟದೊಳಗೇ ಬಂದಿದ್ದಳು. ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆ ಬದಿಯ ಮನೆಗಳಿಗೆ ನೀರು ನುಗ್ಗಿತ್ತು. ತೋಟದ ಕೆಲಸದವರು ಇರುವ ನಮ್ಮ ಕೆಳಗಿನ ಲೈನ್ ಮನೆಯ ಮೆಟ್ಟಿಲೂ ಮುಳುಗಿತ್ತು. ಒಳಗೆ ಏಳು ಜನ, ಅದರಲ್ಲಿ ಎರಡು ಮಕ್ಕಳು.

ನನ್ನ ಹತ್ತಿರ ದೋಣಿ ಇತ್ತು. ಹನ್ನೆರಡು ಅಡಿಯ ಫೈಬರ್ ದೋಣಿ, ಹಿಂದೆ ಹೊರಬದಿಗೆ ಸಿಕ್ಕಿಸುವ ಐದು ಎಚ್‌ಪಿಯ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್. ಹೊಳೆಯಾಚೆ ನಮಗೆ ಸ್ವಲ್ಪ ತೋಟ ಇದೆ. ಬೇಸಿಗೆಯಲ್ಲಿ ಬಂಡೆ ಮೇಲೆ ಕಾಲಿಟ್ಟು ದಾಟಬಹುದು, ಉಳಿದ ದಿನ ಅಪರೂಪಕ್ಕೆ ಹೋಗಬೇಕಾದರೆ ದೋಣಿಯೇ ಗತಿ. ಅವತ್ತು ಎಂಜಿನ್ನಿನ ಹಗ್ಗ ಎಳೆದೆ. ಮತ್ತೆ ಎಳೆದೆ. ಮೂವತ್ತು ಸಲ ಎಳೆದಿರಬೇಕು, ಕೈ ಬೊಬ್ಬೆ ಬಂತು. ಎಂಜಿನ್ ಒಂದು ಸಲ ಕೆಮ್ಮಲೂ ಇಲ್ಲ. ಕೊನೆಗೆ ಪಕ್ಕದ ತೋಟದ ಮಾವ ಹಳೇ ಹರಿಗೋಲು ತಂದು, ಮೂರು ಸುತ್ತು ಹಾಕಿ, ಎಲ್ಲರನ್ನೂ ಮೇಲೆ ಕರೆತಂದರು. ನಾನು ಆಧುನಿಕ ದೋಣಿಯಲ್ಲಿ ಮಳೆಯಲ್ಲಿ ನೆನೆಯುತ್ತಾ ಕೂತಿದ್ದೆ.

ನೀರು ಇಳಿದ ಮೇಲೆ ಎಂಜಿನ್ ಹೊತ್ತುಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಪೆಟ್ರೋಲನ್ನು ಗಾಳಿ ಜೊತೆ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ, ಬೆರಳಲ್ಲಿ ಮುಟ್ಟಿ, ಮೂಸಿ ನೋಡಿದ. "ಏನ್ ಸಾರ್, ಇದು ಪೆಟ್ರೋಲಾ, ಬೆಲ್ಲದ ಪಾಕಾನಾ?" ಅಂದ. ತಪ್ಪು ನನ್ನದೇ. ಫೆಬ್ರವರಿಯಲ್ಲಿ ಓಡಿಸಿ ಹಾಗೇ ಇಟ್ಟಿದ್ದೆ. ಆರು ತಿಂಗಳು ನಿಂತ ಪೆಟ್ರೋಲ್ ಆವಿಯಾಗಿ, ಉಳಿದದ್ದು ಅಂಟಾಗಿ, ಪೆಟ್ರೋಲ್ ಹಾಯುವ ಜೆಟ್‌ನ ತೂತು ಮುಚ್ಚಿತ್ತು. ಆ ತೂತು ಸೂಜಿಯ ಮೊನೆಯಷ್ಟೂ ಇರಲ್ಲ. ಅಷ್ಟು ಸಾಕು, ಎಂಜಿನ್ ಸತ್ತ ಹಾಗೆ.

ಗ್ಯಾಸಿನಲ್ಲಿ ಓಡುವ ಔಟ್‌ಬೋರ್ಡ್ ಬಗ್ಗೆ ನನ್ನ ತಲೆ ಕೆಟ್ಟದ್ದು ಅವತ್ತಿನಿಂದ.

ಇದೇನೂ ಕಟ್ಟುಕತೆಯಲ್ಲ. ಅಮೆರಿಕದ ಲೆಹ್ರ್ ಕಂಪನಿ ಹತ್ತಕ್ಕೂ ಹೆಚ್ಚು ವರ್ಷದ ಹಿಂದೆಯೇ, ಅಡುಗೆ ಗ್ಯಾಸಿನಲ್ಲೂ ಇರುವ ಪ್ರೊಪೇನ್‌ನಲ್ಲಿ ಓಡುವ ಎರಡೂವರೆ ಮತ್ತು ಐದು ಎಚ್‌ಪಿ ಎಂಜಿನ್ ಮಾರಿತ್ತು. ಚಿಕ್ಕದಕ್ಕೆ ಅಲ್ಲಿನವರು ಕ್ಯಾಂಪಿಂಗ್ ಒಲೆಗೆ ಬಳಸುವ ಅರ್ಧ ಕೇಜಿಯ ಹಸಿರು ಬಾಟಲನ್ನೇ ತಿರುಗಿಸಿ ಕೂರಿಸಬಹುದಿತ್ತು. ಆಮೇಲೆ ಜಪಾನಿನ ಟೊಹಾಟ್ಸು ಕೂಡ ಐದು ಎಚ್‌ಪಿಯದ್ದು ತಂದಿತು. 123 ಸಿಸಿ, ಒಂದೇ ಸಿಲಿಂಡರ್, ಫೋರ್ ಸ್ಟ್ರೋಕ್. ಅಂದರೆ ನಮ್ಮ ಸ್ಕೂಟರ್ ಎಂಜಿನ್ನಿನಷ್ಟೇ.

ಒಳಗೆ ನಡೆಯುವುದು ಸರಳ. ಸಿಲಿಂಡರಿನಿಂದ ಬರುವ ಗ್ಯಾಸಿನ ಒತ್ತಡವನ್ನು ರೆಗ್ಯುಲೇಟರ್ ಇಳಿಸುತ್ತೆ, ಆಮೇಲೆ ಆ ಗ್ಯಾಸ್ ಗಾಳಿ ಜೊತೆ ಬೆರೆತು ಎಂಜಿನ್ನಿಗೆ ಹೋಗುತ್ತೆ. ಅಂಟು ಕಟ್ಟೋಕೆ ಅಲ್ಲಿ ಪೆಟ್ರೋಲೇ ಇಲ್ಲ. ಚೋಕ್ ಎಳೆಯುವ ಗೋಜಿಲ್ಲ. ಮುಖ್ಯವಾಗಿ, ಸಿಲಿಂಡರನ್ನು ಮೂಲೆಯಲ್ಲಿ ಎರಡು ವರ್ಷ ಇಟ್ಟರೂ ಒಳಗಿನ ಗ್ಯಾಸ್ ಹಳತಾಗಲ್ಲ. ವರ್ಷದಲ್ಲಿ ಹತ್ತು ದಿನ ಮಾತ್ರ ಬೇಕಾಗುವ, ಆದರೆ ಆ ಹತ್ತು ದಿನ ಬೇಕೇ ಬೇಕು ಅನ್ನುವ ಎಂಜಿನ್ನಿಗೆ ಇದಕ್ಕಿಂತ ಇನ್ನೇನು ಬೇಕು?

ಪೆಟ್ರೋಲಿನ ಕತೆ ಈಗ ಇನ್ನೂ ಕೆಟ್ಟಿದೆ. 2019ರಲ್ಲಿ ಅದರಲ್ಲಿ ಎಥನಾಲ್ ಇಷ್ಟಿರಲಿಲ್ಲ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ್ದು. ದಿನಾ ಓಡುವ ಬೈಕಿನ ಮಾತು ಬೇರೆ. ಆದರೆ ಎಥನಾಲ್ ಗಾಳಿಯಲ್ಲಿನ ತೇವ ಹೀರುತ್ತೆ. ನೀರು ಜಾಸ್ತಿ ಸೇರಿದರೆ ಪೆಟ್ರೋಲಿನಿಂದ ಬೇರೆಯಾಗಿ, ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತೆ. ಎಂಜಿನ್ ಎಳೆದುಕೊಳ್ಳುವುದು ತಳದಿಂದಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ನಮ್ಮೂರಲ್ಲಿ ಟ್ಯಾಂಕಿನ ಗತಿ ಏನು, ನೀವೇ ಯೋಚಿಸಿ.

ಇನ್ನೊಂದು ವಿಷಯ ಹೊಳೆಯದ್ದು. ಹಳೇ ಟೂ ಸ್ಟ್ರೋಕ್ ಔಟ್‌ಬೋರ್ಡ್ ಕುಡಿದ ಇಂಧನದಲ್ಲಿ ಕಾಲು ಭಾಗದಷ್ಟನ್ನು ಸುಡದೆ ಹಾಗೇ ಉಗುಳುತ್ತೆ, ಅದೂ ನೀರಿನೊಳಗೇ, ಹೊಗೆಯ ದಾರಿ ಅಲ್ಲೇ ಇರುವುದು. ಅಮೆರಿಕದ ಟಾಹೋ ಸರೋವರದಲ್ಲಿ 1999ರಲ್ಲೇ ಕಾರ್ಬ್ಯುರೇಟರ್ ಇರುವ ಟೂ ಸ್ಟ್ರೋಕ್ ಎಂಜಿನ್‌ಗಳನ್ನು ನಿಷೇಧಿಸಿದರು. ನಮ್ಮ ಕಾವೇರಿ ದುಬಾರೆ, ಕುಶಾಲನಗರ ದಾಟಿ ಮುಂದೆ ಮೈಸೂರು, ಬೆಂಗಳೂರಿನ ನಲ್ಲಿಗೆ ಹೋಗುವ ನೀರು. ಕ್ಯಾನಿನಿಂದ ಪೆಟ್ರೋಲ್ ತುಂಬುವಾಗ ಚೆಲ್ಲಿ, ನೀರಿನ ಮೇಲೆ ಕಾಮನಬಿಲ್ಲು ಮೂಡುವುದನ್ನು ನಾನೇ ಎಷ್ಟೋ ಸಲ ಮಾಡಿದ್ದೇನೆ. ಗ್ಯಾಸ್ ಸೋರಿದರೂ ನೀರಿಗೆ ಎಣ್ಣೆ ಬೀಳಲ್ಲ.

ಹಾಗಾದರೆ ಇವತ್ತೇ ಗ್ಯಾಸಿಗೆ ಬದಲಾಯಿಸೋಣವಾ? ನಿಲ್ಲಿ. ಈ ಬರಹ ಬರೆಯಲು ಕೂತದ್ದೇ ಮುಂದಿನ ಮಾತಿಗೆ.

ಹೋದ ತಿಂಗಳು ಒಬ್ಬರು ಸಿಕ್ಕಿ, "ಅಣ್ಣಾ, ಅಷ್ಟು ದುಡ್ಡು ಯಾಕೆ ಸುಮ್ನೆ? ಒಂದು ಕಿಟ್ ಹಾಕಿ, ಮನೆಯ ಕೆಂಪು ಸಿಲಿಂಡರ್ ದೋಣಿಯಲ್ಲಿ ಮಲಗಿಸಿದರೆ ಆಯ್ತಲ್ಲ. ನಮ್ಮ ಓಮ್ನಿ ಓಡಲಿಲ್ವಾ?" ಅಂದರು. ಓಮ್ನಿ ಓಡಿತು, ನಿಜ. ಹಿಂದಿನ ಸೀಟಿನಡಿ ಅಡುಗೆ ಸಿಲಿಂಡರ್ ಇಟ್ಟುಕೊಂಡು ಮದುವೆಗೆ ಹೋಗುತ್ತಿದ್ದ ಕಾಲ ನಾವೆಲ್ಲ ನೋಡಿದ್ದೇವೆ. ಅದು ಕಾನೂನಿಗೆ ವಿರುದ್ಧ, ಮನೆಯ ಸಿಲಿಂಡರ್ ಅಡುಗೆಗೆ ಮಾತ್ರ. ಆ ಮಾತು ಹಾಗಿರಲಿ. ದೋಣಿ ಓಮ್ನಿಗಿಂತ ಅಪಾಯ.

ಯಾಕೆಂದರೆ ಎಲ್‌ಪಿಜಿ ಗಾಳಿಗಿಂತ ಭಾರ. ಅದರಲ್ಲಿರುವ ಪ್ರೊಪೇನ್ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು. ಮನೆಯಲ್ಲಿ ಸೋರಿದರೆ ಬಾಗಿಲಡಿಯಿಂದಾದರೂ ಸ್ವಲ್ಪ ಹೊರಗೆ ಹೋದೀತು. ದೋಣಿಗೆ ಬಾಗಿಲಡಿ ಅನ್ನುವುದೇ ಇಲ್ಲ. ಅದು ನೀರು ಒಳಗೆ ಬರದ ಹಾಗೆ ಮಾಡಿದ ಪಾತ್ರೆ. ನೀರು ಬರದ ಕಡೆ ಗ್ಯಾಸ್ ಹೋಗುವುದೂ ಇಲ್ಲ. ಸೋರಿದ್ದೆಲ್ಲ ತಳದಲ್ಲಿ, ನಿಮ್ಮ ಕಾಲ ಹತ್ತಿರ ತುಂಬಿಕೊಳ್ಳುತ್ತೆ. ಗಾಳಿಯಲ್ಲಿ ಶೇಕಡಾ ಎರಡರಷ್ಟಿದ್ದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತೆ. ವಾಸನೆ ಬರಲಿ ಅಂತಲೇ ಮರ್‌ಕ್ಯಾಪ್ಟನ್ ಬೆರೆಸಿರುತ್ತಾರೆ. ಆದರೆ ಓಡುವ ದೋಣಿಯಲ್ಲಿ ಮುಖಕ್ಕೆ ಬೀಸುವುದು ಹೊಳೆ ಗಾಳಿ. ತಳದ ವಾಸನೆ ಮೂಗಿಗೆ ಹತ್ತುವ ಹೊತ್ತಿಗೆ ಬೀಡಿ ಹಚ್ಚಿಯಾಗಿರುತ್ತೆ.

ವಾರಾಣಸಿಯಲ್ಲಿ ಗಂಗೆಯ ದೋಣಿಗಳನ್ನು ಗ್ಯಾಸಿಗೆ ಬದಲಾಯಿಸಿದ್ದಾರೆ, ತೇಲುವ ಬಂಕೇ ಇದೆ ಅಂತ ಕೆಲವರು ಹೇಳುತ್ತಾರೆ. ಇದೆ. ಆದರೆ ಅದು ಸಿಎನ್‌ಜಿ, ಮೀಥೇನ್. ಗಾಳಿಗಿಂತ ಹಗುರ. ಸೋರಿದರೆ ಮೇಲಕ್ಕೆ ಹಾರಿ ಹೋಗುತ್ತೆ. ಎರಡನ್ನೂ ಗ್ಯಾಸ್ ಅಂತ ಒಂದೇ ಹೆಸರಲ್ಲಿ ಕರೆದು ಒಂದೇ ಲೆಕ್ಕ ಹಾಕಬೇಡಿ.

"ಮಲಗಿಸಿದರೆ" ಅನ್ನುವ ಮಾತೂ ನನ್ನ ಮೈ ನಡುಗಿಸಿತು. ಸಿಲಿಂಡರ್ ನಿಂತಿದ್ದರೆ ಮೇಲಿನಿಂದ ಆವಿ ಬರುತ್ತೆ. ಮಲಗಿಸಿದರೆ ದ್ರವವೇ ಬಂದು ರೆಗ್ಯುಲೇಟರಿಗೆ ನುಗ್ಗುತ್ತೆ. ಆವಿಗೆಂದು ಮಾಡಿದ ರೆಗ್ಯುಲೇಟರ್ ಅದನ್ನು ತಡೆಯಲ್ಲ. ದೋಣಿಗೆ ಸಿಲಿಂಡರ್ ಇಡಲೇಬೇಕೆಂದರೆ ನೆಟ್ಟಗೆ, ಬಿಗಿಯಾಗಿ ಕಟ್ಟಿ, ಸೋರಿದ್ದು ದೋಣಿಯ ಹೊರಕ್ಕೆ ಹೋಗುವ ಹಾಗೆ ಇಡಬೇಕು. ಎಂಜಿನ್ ನಿಲ್ಲಿಸಿದ ಕೂಡಲೇ ವಾಲ್ವ್ ಮುಚ್ಚಬೇಕು. ಮತ್ತೆ ಎಂಜಿನ್ ಆ ಇಂಧನಕ್ಕೆಂದೇ ಕಾರ್ಖಾನೆಯಲ್ಲಿ ತಯಾರಾದದ್ದಾಗಿರಬೇಕು.

ನಮ್ಮೂರಿಗೇ ಸೇರಿದ ಒಂದು ತೊಡಕೂ ಇದೆ, ಚಳಿ. ಸಿಲಿಂಡರಿನೊಳಗಿನ ದ್ರವ ಕುದಿದು ಆವಿಯಾದರೆ ಮಾತ್ರ ಎಂಜಿನ್ನಿಗೆ ಗ್ಯಾಸ್. ಶುದ್ಧ ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯುತ್ತೆ. ನಮ್ಮ ಸಿಲಿಂಡರಿನಲ್ಲಿ ಬ್ಯೂಟೇನ್ ಕೂಡ ಬೆರೆತಿರುತ್ತೆ, ಅದು ಹತ್ತಿರಹತ್ತಿರ ಸೊನ್ನೆಯಲ್ಲೇ ಕುದಿಯುವುದನ್ನು ನಿಲ್ಲಿಸುತ್ತೆ. ಗ್ಯಾಸ್ ಎಳೆದಷ್ಟೂ ಸಿಲಿಂಡರ್ ತಣ್ಣಗಾಗುತ್ತೆ, ಹೊರಗೆ ನೀರು ಬೆವರುತ್ತೆ. ಡಿಸೆಂಬರ್ ಬೆಳಗ್ಗೆ ಮಂಜು ಮುಸುಕಿದ ಹೊಳೆಯಲ್ಲಿ, ಅರ್ಧ ಖಾಲಿ ಸಿಲಿಂಡರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೆ ಎಂಜಿನ್ ಸೊರಗಬಹುದು. ಹಾಗಾಗಿ ಯಾವ ಗ್ಯಾಸ್ ಅಂತ ಕೇಳಿಯೇ ಎಂಜಿನ್ ತಗೊಳ್ಳಬೇಕು.

ಉಳಿತಾಯದ ಆಸೆಯಿಂದ ಹೋಗುವವರಿಗೆ ಒಂದು ಮಾತು. ಲೀಟರ್ ಲೆಕ್ಕದಲ್ಲಿ ಪ್ರೊಪೇನ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಕಾಲು ಭಾಗ ಕಡಿಮೆ. ಕೇಜಿ ಲೆಕ್ಕದಲ್ಲಿ ಹೆಚ್ಚುಕಡಿಮೆ ಸಮ. ಐದು ಎಚ್‌ಪಿ ಎಂಜಿನ್ ಪೂರ್ತಿ ಓಡಿದರೆ ಗಂಟೆಗೆ ಒಂದೂಕಾಲು ಕೇಜಿಯ ಆಸುಪಾಸು ಕುಡಿಯಬಹುದು, ಇದು ನನ್ನ ಲೆಕ್ಕ. ಐದು ಕೇಜಿಗೆ ನಾಲ್ಕು ಗಂಟೆ. ಜೇಬು ತುಂಬುವ ಉಳಿತಾಯವೇನಲ್ಲ.

ಬ್ಯಾಟರಿ ದೋಣಿ ಯಾಕೆ ಬೇಡ ಅಂತ ಮಗಳು ಕೇಳಿದಳು. ಪ್ರವಾಸಿಗರನ್ನು ಕೂರಿಸಿಕೊಂಡು ನಿಂತ ನೀರಿನಲ್ಲಿ ಒಂದು ಸುತ್ತು ಹೊಡೆಯೋಕೆ ಬ್ಯಾಟರಿಯೇ ಒಳ್ಳೆಯದು, ಸದ್ದಿಲ್ಲ, ಹೊಗೆಯಿಲ್ಲ. ಅಲ್ಲಿ ಗ್ಯಾಸೂ ಬೇಡ. ಆದರೆ ಹೊಳೆ ಉಕ್ಕುವ ವಾರವೇ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋಗಿರುತ್ತೆ. ನಾಲ್ಕು ದಿನ ಫೋನೇ ಚಾರ್ಜ್ ಆಗಲ್ಲ, ಇನ್ನು ದೋಣಿಯ ಬ್ಯಾಟರಿಯನ್ನು ಎಲ್ಲಿಗೆ ಒಯ್ಯಲಿ?

ಗ್ಯಾಸ್ ಎಂಜಿನ್ನಿಗೆ ಮೈಸೂರು, ಮಂಗಳೂರಿನಲ್ಲಿ ವಿಚಾರಿಸಿದೆ. ನಾನು ಕೇಳಿದ ಅಂಗಡಿಗಳಲ್ಲಿ ಇರಲಿಲ್ಲ. ಹೊರಗಿನಿಂದ ತರಿಸಿದರೆ ಬಿಡಿಭಾಗಕ್ಕೆ ಯಾರ ಮನೆ ಬಾಗಿಲು ತಟ್ಟುವುದು ಅನ್ನುವುದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ. ಪ್ರವಾಹ ಬರುವ ಊರುಗಳಿಗೆಂದು ದೋಣಿ ಕೊಳ್ಳುವವರು ಇದನ್ನು ಒಮ್ಮೆ ನೋಡಬೇಕು ಅಂತ ನನ್ನ ಆಸೆ. ಹತ್ತು ಎಂಜಿನ್ ಬಂದರೆ ಒಬ್ಬ ಮೆಕ್ಯಾನಿಕ್ ಆದರೂ ಕಲಿಯುತ್ತಾನೆ.

ಅಲ್ಲಿಯವರೆಗೆ ಹಳೇ ಪೆಟ್ರೋಲ್ ಎಂಜಿನ್ನೇ. ಈಗ ಪ್ರತಿ ಸಲ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಒಣಗಿ ತಾನಾಗೇ ನಿಲ್ಲುವವರೆಗೆ ಓಡಿಸುತ್ತೇನೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರಿನ ಡ್ರಮ್ಮಿಗೆ ಇಳಿಸಿ ಐದು ನಿಮಿಷ ಸ್ಟಾರ್ಟ್ ಮಾಡುತ್ತೇನೆ. ಮಾವ ಬೇಲಿ ಆಚೆಯಿಂದ ನೋಡಿ ನಗುತ್ತಾರೆ. ನಗಲಿ. ಅವರ ಹತ್ತಿರ ಕೇಳಿ ಮಾಡಿಸಿದ ಎರಡು ಹುಟ್ಟು ಈಗ ದೋಣಿಯಲ್ಲೇ ಇವೆ.