ದಾನಕ್ಕೂ ವ್ಯಾಕರಣ ಬೇಕು ಸ್ವಾಮಿ

ದುಡ್ಡು ಒಳಗೆ ಬರುವಾಗ ವಾಕ್ಯದಲ್ಲಿ ಕರ್ತೃವೇ ಇರುವುದಿಲ್ಲ, ಗಮನಿಸಿದ್ದೀರಾ? 'ಸಂಪತ್ತು ಸೃಷ್ಟಿಯಾಯಿತು.' 'ಸಂಬಳ ಪರಿಷ್ಕರಣೆಯಾಯಿತು.' 'ಒಂದಿಷ್ಟು ಹುದ್ದೆಗಳು ಕಡಿಮೆಯಾದವು.' ಮಳೆ ಬಂದ ಹಾಗೆ, ಎಲ್ಲ ತಾನಾಗಿಯೇ. ಅದೇ ದುಡ್ಡು ದಾನವಾಗಿ ಹೊರಗೆ ಹೊರಡಲಿ, ಕರ್ತೃ ಓಡಿ ಬಂದು ವಾಕ್ಯದ ಮುಂದೆ ನಿಲ್ಲುತ್ತಾನೆ. ಫೋಟೋ ಸಮೇತ.

ಈ ವ್ಯಾಕರಣದ ಹಳೇ ಮೇಷ್ಟ್ರು ಅಮೆರಿಕದ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ. ಶ್ರೀಮಂತ ಎಂದರೆ ಸಮಾಜದ ಹಣ ನೋಡಿಕೊಳ್ಳುವ ಧರ್ಮದರ್ಶಿ ಅಷ್ಟೇ ಎಂದು 1889ರಲ್ಲಿ ಬರೆದರು. ಹಾಗಾದರೆ ಅದನ್ನು ಜನರಿಗೇ ಚೂರು ಚೂರು ಹಂಚಬಹುದಲ್ವಾ? ಛೆ, ತಿಂದು ಕುಡಿದು ಮುಗಿಸಿಬಿಡುತ್ತಾರೆ ಎಂಬ ಚಿಂತೆಯೂ ಅದೇ ಲೇಖನದಲ್ಲಿದೆ. 1892ರಲ್ಲಿ ಹೋಮ್‌ಸ್ಟೆಡ್‌ನ ಅವರ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಕಡಿತದ ಜಗಳ ಗುಂಡು ಹಾರುವವರೆಗೆ ಹೋಗಿ ಜನ ಸತ್ತರು. ಧರ್ಮದರ್ಶಿಗಳು ಆಗ ಸ್ಕಾಟ್‌ಲೆಂಡಿನಲ್ಲಿದ್ದರು. ಅವರ ಹಣದಿಂದ 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಎದ್ದವು, ಸುಳ್ಳಲ್ಲ. ಕುಲುಮೆ ಮುಂದೆ ದಿನಕ್ಕೆ 12 ಗಂಟೆ ಬೆಂದು ಬಂದವನು ಹಾಯಾಗಿ ಓದಿಕೊಳ್ಳಬಹುದಿತ್ತು.

ಈಗ ಕಾಲ ಇನ್ನೂ ಸುಧಾರಿಸಿದೆ. ದಾನಿ ಎನಿಸಿಕೊಳ್ಳಲು ಕೊಡಲೇಬೇಕು ಅಂತಿಲ್ಲ. 2010ರಲ್ಲಿ ವಾರೆನ್ ಬಫೆಟ್ ಮತ್ತು ಗೇಟ್ಸ್ ದಂಪತಿ 'ಗಿವಿಂಗ್ ಪ್ಲೆಡ್ಜ್' ಶುರು ಮಾಡಿದರು. ಅರ್ಧಕ್ಕಿಂತ ಜಾಸ್ತಿ ಆಸ್ತಿ ಕೊಡುತ್ತೇವೆ ಎಂದು ಮಹಾ ಸಿರಿವಂತರು ಮಾತು ಕೊಡುವ ಏರ್ಪಾಡು. ಬದುಕಿದ್ದಾಗ ಕೊಡಬಹುದು, ಇಲ್ಲವೇ ಉಯಿಲಿನಲ್ಲಿ ಬರೆಯಬಹುದು. ಕಾನೂನಿನ ಕಟ್ಟುಪಾಡು ಏನೂ ಇಲ್ಲ. ಕೆಲವರು ನಿಜಕ್ಕೂ ಕೊಟ್ಟಿದ್ದಾರೆ. ಉಳಿದವರ 'ಕೊಡುತ್ತೇನೆ' ಮರುದಿನದ ಸುದ್ದಿಯಲ್ಲೇ 'ಕೊಟ್ಟರು' ಆಗಿಬಿಡುತ್ತದೆ. ನೀವು ನಾವು 'ಕೊಡುತ್ತೇನೆ' ಎಂದರೆ ಅದಕ್ಕೆ ಬಾಕಿ ಅನ್ನುತ್ತಾರೆ.

ಅಮೆರಿಕದಲ್ಲಿ ಇನ್ನೊಂದು ಅನುಕೂಲವಿದೆ, 'ಡೋನರ್ ಅಡ್ವೈಸ್ಡ್ ಫಂಡ್' ಅಂತ, ಮುಂದೆ ದಾನ ಮಾಡಲೆಂದು ಹಣ ಹಾಕಿಡುವ ಖಾತೆ. ಹಣ ಹಾಕಿದ ವರ್ಷವೇ ತೆರಿಗೆ ವಿನಾಯಿತಿ ಸಿಗುತ್ತದೆ. ಅದು ಹಸಿದವರ ಬಳಿ ಯಾವಾಗ ತಲುಪಬೇಕು? ಅದಕ್ಕೆ ಕಾನೂನಿನಲ್ಲಿ ಗಡುವಿಲ್ಲ. ದಾನ ಆಯಿತು, ಹಣ ಮಾತ್ರ ಕೂತಲ್ಲೇ ಬೆಳೆಯುತ್ತಿದೆ.

ಈ ವಿನಾಯಿತಿಯ ಹೆಸರು 'ಪ್ರೋತ್ಸಾಹ'. ಬಡವನಿಗೆ ಸರ್ಕಾರ ಅಕ್ಕಿ ಕೊಟ್ಟರೆ 'ಬಿಟ್ಟಿ'. ಬಿಟ್ಟಿಯಿಂದ ಜನ ಸೋಮಾರಿಗಳಾಗುತ್ತಾರೆ, ಪ್ರೋತ್ಸಾಹದಿಂದ ಚುರುಕಾಗುತ್ತಾರೆ. ಸಾವಿರ ಕೋಟಿಯ ಮಾತಿಗೆ ಎದ್ದು ನಿಂತು ಚಪ್ಪಾಳೆ. ಕೂಲಿ ಮಾಡುವ ಹೆಂಗಸು ಪಕ್ಕದ ಮನೆಯವರ ಆಸ್ಪತ್ರೆ ಖರ್ಚಿಗೆ ತನ್ನ ವಾರದ ದುಡಿಮೆ ಸುಮ್ನೆ ಕೊಟ್ಟುಬಂದರೆ ಅವಳಿಗೆ ಬುದ್ಧಿವಾದ: 'ನಿನಗೇ ಗತಿಯಿಲ್ಲ, ಯಾಕೆ ಬೇಕಿತ್ತಮ್ಮಾ ಇದೆಲ್ಲ?'