ಸತ್ಯಾಂಶ: ‘ಕೋಲ್ಡ್ ಫ್ಯೂಷನ್’ ಅನ್ನು ಯಾರೂ ಮುಚ್ಚಿಹಾಕಲಿಲ್ಲ

“1989ರಲ್ಲೇ ಕೋಣೆಯ ತಾಪಮಾನದಲ್ಲಿ ಪರಮಾಣು ಸಮ್ಮಿಲನ (ಕೋಲ್ಡ್ ಫ್ಯೂಷನ್) ಸಾಧಿಸಿದ್ದರು, ತೈಲ ಕಂಪನಿಗಳು ಅಡಗಿಸಿಟ್ಟವು” ಎಂಬ ಫಾರ್ವರ್ಡ್‌ನಲ್ಲಿ ನಿಜ ಇರುವುದು ಇಸವಿ ಮಾತ್ರ. ಆ ವರ್ಷದ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ರಸಾಯನವಿಜ್ಞಾನಿಗಳಾದ ಮಾರ್ಟಿನ್ ಫ್ಲೈಶ್‌ಮನ್ ಮತ್ತು ಸ್ಟ್ಯಾನ್ಲಿ ಪಾನ್ಸ್ ಪತ್ರಿಕಾಗೋಷ್ಠಿ ಕರೆದರು. ಭಾರಜಲದಲ್ಲಿ (ಮಾಮೂಲಿ ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯುಟೀರಿಯಂ ಇರುವ ನೀರು) ಪಲ್ಲಾಡಿಯಂ, ಪ್ಲಾಟಿನಂ ವಿದ್ಯುದ್ವಾರಗಳನ್ನು ಇಳಿಸಿ ವಿದ್ಯುತ್ ಹರಿಸಿದರೆ, ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಬರುತ್ತದೆ, ಅದು ಡ್ಯುಟೀರಿಯಂ ಸಮ್ಮಿಲನದ ಶಾಖ ಎಂದರು.

ಆದರೆ ಎರಡು ಡ್ಯುಟೀರಿಯಂ ಪರಮಾಣು ಬೀಜಗಳು ಬೆಸೆದಾಗ ಸುಮಾರು ಅರ್ಧದಷ್ಟು ಸಲ ನ್ಯೂಟ್ರಾನ್ ಹೊರಬೀಳುತ್ತದೆ. ಬರೀ 1 ವ್ಯಾಟ್ ಶಾಖಕ್ಕೂ ಸೆಕೆಂಡಿಗೆ ಸುಮಾರು ಲಕ್ಷ ಕೋಟಿ ನ್ಯೂಟ್ರಾನ್ ಬರಬೇಕು. ಕವಚವಿಲ್ಲದೆ ಪಕ್ಕದಲ್ಲಿ ಒಂದು ಗಂಟೆ ಕೂತರೆ ಅದು ಮಾರಕ ಪ್ರಮಾಣ. ಪ್ರಯೋಗಾಲಯದಲ್ಲಿದ್ದವರು ಆರೋಗ್ಯವಾಗಿಯೇ ಇದ್ದರು!

ಹಾಗಾದರೆ ಹೆಚ್ಚುವರಿ ಶಾಖ? ಇಲ್ಲಿ ಲೆಕ್ಕದ ಸೂಕ್ಷ್ಮವಿದೆ. ಭಾರಜಲವನ್ನು ಒಡೆಯಲು ತಗಲುವ ಶಕ್ತಿ ಅನಿಲಗಳ ಜೊತೆ ಹೊರಹೋಗುತ್ತದೆಂದು ಊಹಿಸಿ, ಕೋಶದ (ಪ್ರಯೋಗ ನಡೆಯುವ ಜಾಡಿಯ) ವೋಲ್ಟೇಜ್‌ನಿಂದ ಸುಮಾರು 1.54 ವೋಲ್ಟ್ ಕಳೆಯುತ್ತಾರೆ. ಡ್ಯುಟೀರಿಯಂ ಮತ್ತು ಆಮ್ಲಜನಕ ಜಾಡಿಯೊಳಗೇ ಮರುಸೇರಿದರೆ ಆ ಶಕ್ತಿ ಶಾಖವಾಗಿ ಮರಳಿ, ‘ಲಾಭ’ದಂತೆ ಕಾಣುತ್ತದೆ. ದ್ರವ ಸರಿಯಾಗಿ ಕಲಕದೆ ಒಂದೇ ಕಡೆ ಥರ್ಮಾಮೀಟರ್ ಇಟ್ಟರೂ ಮೋಸ ಹೋಗಬಹುದು. ಸಾಮಾನ್ಯ ನೀರಿನಲ್ಲಿ ನಡೆಸಿದ ಹೋಲಿಕೆಯ ಪ್ರಯೋಗವನ್ನೂ ಫ್ಲೈಶ್‌ಮನ್ ಮತ್ತು ಪಾನ್ಸ್ ಅವರ ಮೊದಲ ಪ್ರಬಂಧ ವರದಿ ಮಾಡಿರಲಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ಲೋಪ.

ಅಡಗಿಸಿಟ್ಟರು ಎನ್ನುವುದಂತೂ ತಲೆಕೆಳಗಾದ ಮಾತು. ಯೂಟಾ ರಾಜ್ಯ 50 ಲಕ್ಷ ಡಾಲರ್ ಮಂಜೂರು ಮಾಡಿತು. ಜಪಾನ್ ಸರ್ಕಾರವೂ 1990ರ ದಶಕದಲ್ಲಿ ಹಣ ಸುರಿಯಿತು. ಗೂಗಲ್ ನೆರವಿನ ತಂಡವೊಂದು ಮತ್ತೆ ಪರೀಕ್ಷಿಸಿ, 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು: ಕೋಲ್ಡ್ ಫ್ಯೂಷನ್‌ಗೆ ಪುರಾವೆ ಸಿಗಲಿಲ್ಲ.