ಲಾ ರೆದೂತ್ ತನಕ ಕಾದರೆ ಓಟ ಮುಗಿದಂತೆ

ನಾಳೆ, 2025ರ ಏಪ್ರಿಲ್ 27, ಭಾನುವಾರ. ಬೆಲ್ಜಿಯಂನ ಆರ್ಡೆನ್ ಗುಡ್ಡಗಳಲ್ಲಿ ಲಿಯೇಜ್–ಬಾಸ್ತೋನ್–ಲಿಯೇಜ್ ಸೈಕಲ್ ಓಟ. 1892ರಲ್ಲಿ ಶುರುವಾದ ಇದನ್ನು ಅಲ್ಲಿನವರು ‘ಹಿರಿಯಳು’ ಎಂದೇ ಕರೆಯುತ್ತಾರೆ. ಒಂದು ದಿನದ ಐದು ಮಹಾ ಓಟಗಳಲ್ಲಿ ಇದಕ್ಕಿಂತ ಹಳೆಯದಿಲ್ಲ. ವಾರದಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: ಸ್ಲೊವೇನಿಯಾದ ಸವಾರ ತಾದೆಯ್ ಪೊಗಾಚರ್ ಲಾ ರೆದೂತ್ ಎಂಬ ಏರಿನಲ್ಲಿ ಗುಂಪನ್ನು ಬಿಟ್ಟು ಹೊರಡುತ್ತಾರೆ, ಗೆಲ್ಲುತ್ತಾರೆ. ಹಾಗೆಯೇ ಆಗಬಹುದು. ಆದರೆ ಎದುರಾಳಿ ತಂಡಗಳೂ ಅದನ್ನೇ ನಂಬಿ, ಆ ಏರಿನ ಬುಡದವರೆಗೆ ಕೈಕಟ್ಟಿ ಬರುವುದನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಲಾ ರೆದೂತ್ ಎರಡು ಕಿ.ಮೀ. ಕೂಡ ಇಲ್ಲ. ಕಡಿದು ನಿಜ: ನೂರು ಮೀಟರ್ ಸಾಗುವಷ್ಟರಲ್ಲಿ ಸರಾಸರಿ ಒಂಬತ್ತು ಮೀಟರ್ ಮೇಲೇರಬೇಕು. ನಂದಿ ಬೆಟ್ಟಕ್ಕೆ ಸೈಕಲ್ ತುಳಿದವರಿಗೆ ತೊಡೆ ಉರಿಯುವುದೆಂದರೇನು ಎಂದು ಗೊತ್ತು. ಇಲ್ಲಿ ಸವಾರರು ಸುಮಾರು 220 ಕಿ.ಮೀ. ತುಳಿದ ಕಾಲುಗಳನ್ನು ಹೊತ್ತು ಅದರ ಬುಡಕ್ಕೆ ಬರುತ್ತಾರೆ. 2022, 2023ರಲ್ಲಿ ಬೆಲ್ಜಿಯಂನ ರೆಮ್ಕೊ ಎವನಪೂಲ್, 2024ರಲ್ಲಿ ಪೊಗಾಚರ್, ಮೂರೂ ವರ್ಷ ಗೆದ್ದವರು ಗುಂಪಿನಿಂದ ಮುಂದಕ್ಕೆ ಜಿಗಿದದ್ದು ಇದೇ ಏರಿನಲ್ಲಿ. ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಉಪಾಯಕ್ಕೆ ಎಡೆಯಿಲ್ಲ, ಶಕ್ತಿಯಷ್ಟೇ ಮಾತಾಡುತ್ತದೆ. ಬರೀ ಶಕ್ತಿಯಲ್ಲಿ ಪೊಗಾಚರ್ ಅವರಿಗೆ ಸಾಟಿಯಾದವರು ಈಗ ಯಾರಿದ್ದಾರೆ? ಈ ತಿಂಗಳು ಫ್ಲಾಂಡರ್ಸ್ ಓಟ ಗೆದ್ದರು, ಪ್ಯಾರಿಸ್–ರೂಬೆಯಲ್ಲಿ ಎರಡನೆಯವರಾದರು, ಬುಧವಾರ ಮಳೆಯಲ್ಲಿ ಊಯಿಯ ಗೋಡೆಯಂಥ ಏರನ್ನು ಹತ್ತಿ ಫ್ಲೆಶ್ ವಾಲೋನ್ ಗೆದ್ದರು.

ಆದರೂ ಕಳೆದ ಭಾನುವಾರದ ಆಮ್‌ಸ್ಟೆಲ್ ಗೋಲ್ಡ್ ರೇಸ್ ನನ್ನ ಕಣ್ಣಿಗೆ ಕಟ್ಟಿದೆ. ಪೊಗಾಚರ್ ನಲವತ್ತಕ್ಕೂ ಹೆಚ್ಚು ಕಿ.ಮೀ. ಉಳಿದಿರುವಾಗಲೇ ಒಬ್ಬರೇ ಹೊರಟಿದ್ದರು. ಎವನಪೂಲ್ ಮತ್ತು ಡೆನ್ಮಾರ್ಕ್‌ನ ಮಟಿಯಾಸ್ ಸ್ಕೆಲ್ಮೋಸೆ ಸರದಿಯಂತೆ ಮುಂದೆ ಬಂದು ಗಾಳಿ ಸೀಳಿ, ಹಿಂದಿದ್ದವರ ಶ್ರಮ ಉಳಿಸಿದರು, ಹಿಡಿದೇ ಬಿಟ್ಟರು. ಕೊನೆಯ ಗೆರೆಯಲ್ಲಿ ಗೆದ್ದದ್ದು ಸ್ಕೆಲ್ಮೋಸೆ! ಲಿಯೇಜ್‌ನಲ್ಲೂ ಇದಕ್ಕೆ ಅವಕಾಶವಿದೆ. 2018ರವರೆಗೆ ಆನ್ಸ್ ಎಂಬಲ್ಲಿ ಏರಿನ ಮೇಲೆ ಮುಗಿಯುತ್ತಿದ್ದ ಓಟ 2019ರಿಂದ ನಗರದೊಳಗೆ, ಸಮತಟ್ಟು ರಸ್ತೆಯಲ್ಲಿ ಮುಗಿಯುತ್ತದೆ. ಕೊನೆಯ ಕಡಿದಾದ ಏರು ರೋಷ್-ಓ-ಫೋಕೋನ್ ದಾಟಿದ ಮೇಲೂ ಹತ್ತು ಕಿ.ಮೀ.ಗಿಂತ ಹೆಚ್ಚು ದಾರಿ ಇದೆ. ಒಗ್ಗಟ್ಟಾಗಿ ಬೆನ್ನಟ್ಟುವವರಿಗೆ ಅದು ಸಾಕಷ್ಟು ದೂರ.

ಹಾಗಾಗಿ ಎದುರಾಳಿಗಳು ಮೈಮುರಿಯಬೇಕಾದದ್ದು ವಾನ್, ಸ್ತೋಕೂ, ಓತ್-ಲವೇ ಏರುಗಳಲ್ಲಿ. ಒಂದರ ಬೆನ್ನಿಗೆ ಒಂದು ಬರುವ ಈ ಮೂರರ ಹೊತ್ತಿಗೆ ಇನ್ನೂ ಎಂಬತ್ತು ಕಿ.ಮೀ. ಆಸುಪಾಸು ಉಳಿದಿರುತ್ತದೆ. ಅಲ್ಲೇ ಓಟಕ್ಕೆ ಬೆಂಕಿ ಹಚ್ಚಿದರೆ ಪೊಗಾಚರ್ ಸೋಲುತ್ತಾರೆಂದಲ್ಲ, ಅವರ ಯುಎಇ ತಂಡದ ಜೊತೆಗಾರರು ಉದುರುತ್ತಾರೆ. ಆಗ ಪ್ರತಿ ದಾಳಿಗೂ ಅವರೇ ಎದ್ದು ಉತ್ತರ ಕೊಡಬೇಕಾಗುತ್ತದೆ.

ಇದು ಹುಚ್ಚು ಮಾತೆನಿಸಿದರೆ 1980ರ ಇದೇ ಓಟ ನೆನೆಯಿರಿ. ಹಿಮ ಸುರಿಯುತ್ತಿತ್ತು, ಹೊರಟ 174 ಮಂದಿಯಲ್ಲಿ ಓಟ ಮುಗಿಸಿದವರು 21. ಫ್ರಾನ್ಸ್‌ನ ಬರ್ನಾರ್ ಇನೋ ಸುಮಾರು 80 ಕಿ.ಮೀ. ಒಬ್ಬರೇ ತುಳಿದು ಒಂಬತ್ತು ನಿಮಿಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಆ ಚಳಿಗೆ ಮರಗಟ್ಟಿದ ಅವರ ಬೆರಳುಗಳು ಮತ್ತೆ ಪೂರ್ತಿ ಸರಿಹೋಗಲಿಲ್ಲ.

ಈ ಧೈರ್ಯವನ್ನು ನಾನು ನಿರೀಕ್ಷಿಸುವುದು ಎವನಪೂಲ್ ಅವರಿಂದ. ಡಿಸೆಂಬರ್‌ನಲ್ಲಿ ಅಭ್ಯಾಸಕ್ಕೆ ಹೋಗಿದ್ದಾಗ ಅಂಚೆ ವಾಹನದ ತೆರೆದ ಬಾಗಿಲಿಗೆ ಡಿಕ್ಕಿಯಾಗಿ ಪಕ್ಕೆಲುಬು, ಹೆಗಲ ಮೂಳೆ, ಕೈ ಮುರಿದುಕೊಂಡವರು. ಏಪ್ರಿಲ್ 18ರಂದು ಮರಳಿ ಬಂದ ಮೊದಲ ಓಟವನ್ನೇ ಗೆದ್ದರು. ಬುಧವಾರ ಊಯಿಯಲ್ಲಿ ಹಿಂದೆ ಬಿದ್ದದ್ದು ನಿಜ, ಆದರೆ ಅದು ಒಂದೇ ಏರಿನ ಲೆಕ್ಕ. ಆರು ಗಂಟೆಗಳ ಓಟದಲ್ಲಿ ದೂರದಿಂದಲೇ ಹೊರಡುವುದು ಅವರ ರಕ್ತದಲ್ಲಿದೆ. ಬ್ರಿಟನ್ನಿನ ಸವಾರ ಟಾಮ್ ಪಿಡ್‌ಕಾಕ್ ಕೈಜೋಡಿಸಿದರೆ ಇನ್ನೂ ಚೆನ್ನ.

ನಮ್ಮಲ್ಲಿ ಆಗ ಸಂಜೆಯಾಗಿರುತ್ತದೆ. ಮನೆಯವರಿಗೆ ಈಗಲೇ ಹೇಳಿದ್ದೇನೆ, ಆ ಹೊತ್ತು ಟಿವಿ ನನ್ನದು. ಓತ್-ಲವೇ ದಾಟುತ್ತಿದ್ದಂತೆ ನಾನು ನೋಡುವುದು ಪೊಗಾಚರ್ ಅವರನ್ನಲ್ಲ, ಅವರ ಸುತ್ತ ತಂಡದ ಎಷ್ಟು ಜೊತೆಗಾರರು ಉಳಿದಿದ್ದಾರೆ ಎಂಬುದನ್ನು. ಇಬ್ಬರಿಗಿಂತ ಕಡಿಮೆ ಕಂಡರೆ ಕುರ್ಚಿಯ ತುದಿಗೆ ಬಂದು ಕೂರುತ್ತೇನೆ.